ಅವ್ವ ಮಟನ್ ಬಿಟ್ಟಿದ್ದಾಳೆ. ಕೆಂಪು ಮಾಂಸದ ಅಧ್ಯಯನಗಳನ್ನು ಎಷ್ಟು ನಂಬಬೇಕು?

ಚಳ್ಳಕೆರೆ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಓದಿ ನಿಮ್ಮ ಅಭಿಪ್ರಾಯ ಹೇಳಿ.

ನನ್ನ ಅವ್ವನಿಗೆ 66 ವರ್ಷ. ಚಳ್ಳಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ನಾನು ಇರುವುದು ದಾವಣಗೆರೆ ನಿಟ್ಟುವಳ್ಳಿಯಲ್ಲಿ. ಹೋದ ತಿಂಗಳು ಊರಿಗೆ ಹೋಗುವಾಗ ಒಂದು ಕೆಜಿ ಮಟನ್ ತಗೊಂಡು ಹೋದೆ. ಅವ್ವ ಮಸಾಲೆ ಅರೆದಳು, ಸಾರು ಮಾಡಿದಳು, ಮುದ್ದೆ ಕಟ್ಟಿದಳು. ನಮಗೆಲ್ಲ ಬಡಿಸಿ ತಾನು ಮಾತ್ರ ಮಜ್ಜಿಗೆ ಹಾಕಿಕೊಂಡು ಉಂಡಳು. ಯಾಕವ್ವಾ ಅಂತ ಕೇಳಿದರೆ, "ಕುರಿ ಬಾಡು ತಿಂದ್ರೆ ಕ್ಯಾನ್ಸರ್ ಬರ್ತೈತಂತೆ ಕಣವ್ವ. ಬೀಡಿ ಸೇದಿದಂಗೇ ಅಂತೆ" ಅಂದಳು. ಪಕ್ಕದ ಮನೆ ಹುಡುಗ ವಾಟ್ಸಾಪಲ್ಲಿ ಬಂದಿದ್ದನ್ನು ಓದಿ ಹೇಳಿದ್ದನಂತೆ. ಆಮೇಲೆ ಊರಿಗೆ ಬಂದಿದ್ದ ಆರೋಗ್ಯ ಶಿಬಿರದಲ್ಲೂ ಯಾರೋ "ಈ ವಯಸ್ಸಲ್ಲಿ ಮಾಂಸ ಪೂರ್ತಿ ಬಿಟ್ಟುಬಿಡಿ" ಅಂದರಂತೆ. ಬಿಟ್ಟು ಎಂಟು ತಿಂಗಳಾಗಿದೆ.

ಆ ಶಿಬಿರದ ಚೀಟಿ ದೇವರ ಗೂಡಿನಲ್ಲಿತ್ತು. ತೆಗೆದು ನೋಡಿದೆ. ಹಿಮೋಗ್ಲೋಬಿನ್ 8.6. ರಕ್ತ ಇಷ್ಟು ಕಡಿಮೆ ಇದೆ ಅಂತ ತಾವೇ ಬರೆದು, ಅದೇ ಹೆಂಗಸಿಗೆ ಮಾಂಸ ಬಿಡಿ ಅಂತ ಹೇಳಿ ಕಳಿಸಿದ್ದಾರೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಾಪಸ್ ಬಂದ ಮೇಲೆ ಕೆಂಪು ಮಾಂಸ, ಅಂದರೆ ಕುರಿ, ಮೇಕೆ, ದನ, ಹಂದಿ ಮಾಂಸದ ಮೇಲಿನ ಅಧ್ಯಯನಗಳ ಬಗ್ಗೆ ಸಿಕ್ಕಷ್ಟು ಓದಿದೆ. ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು, ಯಾಕಂದರೆ ನಾನು ಆರು ವರ್ಷ ಮನೆಖರ್ಚಿನ ಸಮೀಕ್ಷೆಗೆ ಮನೆಮನೆ ತಿರುಗಿದವಳು. ಹಿಂದಿನ ಏಳು ದಿನದಲ್ಲಿ ಮೊಟ್ಟೆ ಎಷ್ಟು, ಮೀನು ಎಷ್ಟು, ಮಟನ್ ಎಷ್ಟು ಅಂತ ಕೇಳಿ ಬರೆದುಕೊಳ್ಳುವ ಕೆಲಸ. ಹಿರಿಯೂರು ಕಡೆ ಒಂದು ಮನೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಶ್ರಾವಣ ಮಾಸ. ಅತ್ತೆ ಜಗಲಿ ಮೇಲೆ ಕೂತಿದ್ದರು, ಸೊಸೆ ಬಾಗಿಲಲ್ಲಿ ನಿಂತು ಉತ್ತರ ಹೇಳುತ್ತಿದ್ದಳು. ಮಟನ್ ಅಂತ ಕೇಳಿದ ತಕ್ಷಣ "ಶ್ರಾವಣದಾಗೆ ಯಾರು ತಿಂತಾರಕ್ಕ" ಅಂದಳು. ಅಷ್ಟರಲ್ಲಿ ಒಳಗಿನಿಂದ ನಾಲ್ಕು ವರ್ಷದ ಮಗು ನಲ್ಲಿ ಮೂಳೆ ಚೀಪುತ್ತಾ ಬಂದು ಅವಳ ಸೀರೆ ಹಿಡಿದುಕೊಂಡಿತು. ಯಾರೂ ಏನೂ ಮಾತಾಡಲಿಲ್ಲ. ನಾನು ಸೊನ್ನೆ ಬರೆದೆ. ಹೇಳಿದ್ದನ್ನೇ ಬರೆಯಬೇಕು, ಅದು ನಿಯಮ.

ಇದು ಬರೀ ಏಳು ದಿನದ ನೆನಪು. ಕೆಂಪು ಮಾಂಸದ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಕೇಳುವುದು ಹೋದ ಒಂದು ವರ್ಷದಲ್ಲಿ ಸರಾಸರಿ ಎಷ್ಟು ಸಲ ತಿಂದಿರಿ ಅಂತ. ನಮ್ಮೂರಿನವರನ್ನೇ ಕೇಳಿ ನೋಡಿ. ಗೌರಸಮುದ್ರ ಮಾರಮ್ಮನ ಜಾತ್ರೆ ವಾರದಲ್ಲಿ ದಿನಾ ಬಾಡು. ಆಮೇಲೆ ಒಂದೂವರೆ ತಿಂಗಳು ಒಂದು ತುಂಡೂ ಇಲ್ಲ. ಸರಾಸರಿ ಏನಂತ ಹೇಳುತ್ತಾರೆ? ಇಂಥ ಉತ್ತರಗಳ ಮೇಲೆ ಕಟ್ಟಿದ ಲೆಕ್ಕವನ್ನು ನಂಬಿ ಅವ್ವ ತಟ್ಟೆ ಬದಲಿಸಿಕೊಂಡಿದ್ದಾಳೆ. ಇದು ಸರಿಯಾ?

ಮೇಷ್ಟ್ರು ದಾವಣಗೆರೆ:

ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ವಾಟ್ಸಾಪ್ ಹುಡುಗ ಹೇಳಿದ್ದು ಪೂರ್ತಿ ಗಾಳಿಮಾತಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದಲ್ಲಿ 10 ದೇಶಗಳ 22 ತಜ್ಞರು ಕೂತು 800ಕ್ಕೂ ಹೆಚ್ಚು ಅಧ್ಯಯನ ನೋಡಿ ಹೇಳಿದ ಮಾತು ಅದು. ಒಂದು ಮನೆಯ ಸೊಸೆ ಸುಳ್ಳು ಹೇಳಿದಳು ಅಂತ ಅದನ್ನೆಲ್ಲ ತಳ್ಳಿಹಾಕೋಕೆ ಆಗುತ್ತಾ?

ಚಳ್ಳಕೆರೆ ಮಗಳು:

ಸರ್, ತಳ್ಳಿಹಾಕುತ್ತಿಲ್ಲ. ಅವರು ಏನು ಹೇಳಿದರು ಅಂತ ಸರಿಯಾಗಿ ಓದೋಣ ಅಂತಿದ್ದೀನಿ.

ಅವರು ಮಾಡಿದ್ದು ಎರಡು ಬೇರೆ ಬೇರೆ ತೀರ್ಮಾನ. ಒಂದು, ಸಂಸ್ಕರಿಸಿದ ಮಾಂಸ. ಬೇಕನ್, ಸಾಸೇಜ್, ಹ್ಯಾಮ್ ಇಂಥದ್ದು. ಅದನ್ನು ಮೊದಲನೇ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತೆ ಅನ್ನೋದಕ್ಕೆ ಸಾಕ್ಷಿ ಗಟ್ಟಿ ಇರುವ ಗುಂಪಿಗೆ ಹಾಕಿದರು. ಬೀಡಿ ಸಿಗರೇಟು ಇರುವುದೂ ಅದೇ ಗುಂಪಲ್ಲಿ, ಅದಕ್ಕೇ ಆ ಹೋಲಿಕೆ ಹುಟ್ಟಿದ್ದು. ಇನ್ನೊಂದು, ನಾವು ಅಂಗಡಿಯಿಂದ ತಂದು ಬೇಯಿಸುವ ಕುರಿ, ಮೇಕೆ, ದನ, ಹಂದಿ ಮಾಂಸ. ಅದು 2ಎ ಗುಂಪು, ಅಂದರೆ "ಬಹುಶಃ ಕ್ಯಾನ್ಸರ್ ತರುತ್ತೆ" ಅನ್ನುವ ಗುಂಪು. ಮನುಷ್ಯರಲ್ಲಿ ಸಿಕ್ಕ ಸಾಕ್ಷಿ ಸೀಮಿತ ಅಂತ ಅವರೇ ಬರೆದಿದ್ದಾರೆ. ರಾತ್ರಿ ಪಾಳಿ ಕೆಲಸವೂ ಅದೇ 2ಎ ಗುಂಪಲ್ಲಿದೆ. ನಮ್ಮ ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ರಾತ್ರಿ ಪಾಳಿ ಮಾಡಿದವರು ಎಷ್ಟು ಜನ ಇಲ್ಲ?

ಇನ್ನೊಂದು ಮಾತು. ಈ ಗುಂಪುಗಳು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತ ಅಲ್ಲ. ಕೋಳಿ ಕದ್ದವನ ಮೇಲೂ ಸಾಕ್ಷಿ ಗಟ್ಟಿ ಇರಬಹುದು, ಕೊಲೆ ಮಾಡಿದವನ ಮೇಲೂ ಇರಬಹುದು. ಹಾಗಂತ ಎರಡೂ ಒಂದೇ ಅಪರಾಧ ಆಗಲ್ಲ. ಜಾಸ್ತಿ ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಸೇದದವರಿಗಿಂತ ಹತ್ತು ಪಟ್ಟಿಗೂ ಮೇಲೆ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ ಶೇ. 18 ಜಾಸ್ತಿ. ಅಮೆರಿಕದಂಥ ದೇಶದಲ್ಲಿ ಜೀವಮಾನದಲ್ಲಿ ನೂರು ಜನರಲ್ಲಿ ಸುಮಾರು 5 ಮಂದಿಗೆ ಬರುವ ಕಡೆ ಸುಮಾರು 6 ಮಂದಿಗೆ ಬಂದಂತೆ. ಅವ್ವನಿಗೆ ಇದನ್ನು ಯಾರೂ ಹೀಗೆ ಬಿಡಿಸಿ ಹೇಳಲಿಲ್ಲ. "ಬೀಡಿ ಸೇದಿದಂಗೇ" ಅಂತ ಅಷ್ಟೇ ಹೇಳಿದರು.

ಹರಿಹರ ಮಟನ್ ಅಂಗಡಿ:

ನಾನು ಇಪ್ಪತ್ತೆರಡು ವರ್ಷದಿಂದ ಅಂಗಡಿ ನಡೆಸುತ್ತಿದ್ದೀನಿ. ನನ್ನ ವ್ಯಾಪಾರ ಇದೇ, ಅದಕ್ಕೆ ನನ್ನ ಮಾತನ್ನು ಸ್ವಲ್ಪ ಜರಡಿ ಹಿಡಿದೇ ತಗೊಳ್ಳಿ. ಒಂದು ಪ್ರಶ್ನೆ ಅಕ್ಕಾ, ಆ ಅಧ್ಯಯನದಲ್ಲಿ ನಮ್ಮ ಥರದ ಮಾಂಸಕ್ಕೆ ಎಷ್ಟು ತಿಂದರೆ ತೊಂದರೆ ಅಂತ ಲೆಕ್ಕ ಹಾಕಿದ್ದಾರೆ?

ಚಳ್ಳಕೆರೆ ಮಗಳು:

ಅಣ್ಣಾ, ದಿನಕ್ಕೆ 100 ಗ್ರಾಂ ಜಾಸ್ತಿ ತಿಂದರೆ ಅಂತ.

ಹರಿಹರ ಮಟನ್ ಅಂಗಡಿ:

ಒಬ್ಬರಿಗೆ ದಿನಾ 100 ಗ್ರಾಂ ಅಂದರೆ ತಿಂಗಳಿಗೆ 3 ಕೆಜಿ. ಐದು ಜನರ ಮನೆಗೆ 15 ಕೆಜಿ. ಕೆಜಿಗೆ 800 ಹಿಡಿದರೂ 12,000 ರೂಪಾಯಿ ಬರೀ ಮಟನ್‌ಗೆ. ನನ್ನ ಹತ್ತಿರ ಕಾಯಂ ಬರುವವರಲ್ಲಿ ಹಾಗೆ ಒಯ್ಯುವ ಮನೆ ಒಂದೂ ಇಲ್ಲ. ಭಾನುವಾರ ಅರ್ಧ ಕೆಜಿ, ನೆಂಟರು ಬಂದರೆ ಒಂದು ಕೆಜಿ. ಅರ್ಧ ಕೆಜಿಯಲ್ಲಿ ಮೂಳೆ ಕಳೆದರೆ ಉಳಿಯುವುದು ಎಷ್ಟು? ಅದರಲ್ಲೂ ಗಂಡಸರಿಗೆ, ಮಕ್ಕಳಿಗೆ ಹಾಕಿ, ಹೆಂಗಸರಿಗೆ ಸಾರು ಮತ್ತು ಎರಡು ತುಂಡು. ನಮ್ಮ ಮನೆಯಲ್ಲೂ ಅದೇ ನಡೆದುಕೊಂಡು ಬಂದಿದೆ, ಸುಳ್ಳು ಯಾಕೆ ಹೇಳಲಿ.

ಹೊನ್ನಾಳಿ ರೈತ:

ನಾವು ಲಿಂಗಾಯತರು, ತಿನ್ನುವುದಿಲ್ಲ. ಆದರೂ ಇಲ್ಲಿ ಬರೆಯಬೇಕು ಅನ್ನಿಸಿತು. ನಾವು ಮಾಂಸ ಮುಟ್ಟದಿರುವುದು ನಮ್ಮ ನಂಬಿಕೆಯಿಂದ. ಅದಕ್ಕೆ ಯಾವ ಅಧ್ಯಯನವೂ ಬೇಕಿಲ್ಲ. ನಾಳೆ ಯಾರೋ ಮಾಂಸ ಅಮೃತ ಅಂತ ಹೇಳಿದರೂ ನಾವು ತಿನ್ನಲ್ಲ. ನಮ್ಮವರೇ ಕೆಲವರು "ನೋಡಿ, ವಿಜ್ಞಾನವೂ ನಮ್ಮ ಪರ ಇದೆ" ಅಂತ ಇಂಥ ಸುದ್ದಿ ಹಂಚುತ್ತಾರೆ. ತಿನ್ನುವವರನ್ನು ಹೆದರಿಸೋಕೆ ನಂಬಿಕೆಗೆ ಶೇಕಡಾ ಲೆಕ್ಕ ಅಂಟಿಸುವುದು ನನಗೆ ಇಷ್ಟ ಇಲ್ಲ.

ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಮಾಂಸ ಇಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ನನಗೂ ಇದೆ, ತಮ್ಮನಿಗೂ ಇದೆ. ಮೂರು ಹೊತ್ತು ಅನ್ನ ಉಂಡು, ಸಂಜೆ ಮಂಡಕ್ಕಿ ಮಿರ್ಚಿ ತಿಂದು, ಗದ್ದೆಗೂ ಬೈಕಲ್ಲಿ ಹೋಗುವುದನ್ನು ಕಲಿತೆವು.

ಚಳ್ಳಕೆರೆ ಮಗಳು:

ಅಣ್ಣಾ, ನಿಮ್ಮ ಮಾತಿಗೆ ತುಂಬಾ ಥ್ಯಾಂಕ್ಸ್. ಒಂದು ಮನೆಯ ಕಥೆಯಿಂದ ಏನೂ ಸಾಬೀತಾಗಲ್ಲ, ನಿಮ್ಮದಾಗಲಿ ನನ್ನದಾಗಲಿ. ಆದರೆ ನೀವು ಹೇಳಿದ ಅನ್ನ, ಮಿರ್ಚಿ, ಬೈಕು, ಇದರಲ್ಲೇ ವಿಷಯದ ಗಂಟು ಇದೆ.

ಅಮೆರಿಕದಲ್ಲಿ 1976ರಿಂದ 1.2 ಲಕ್ಷ ನರ್ಸ್‌ಗಳನ್ನು ಹಿಂಬಾಲಿಸಿಕೊಂಡು ಬಂದ ದೊಡ್ಡ ಅಧ್ಯಯನ ಇದೆ. ಅದನ್ನೂ ಗಂಡಸರ ಇನ್ನೊಂದು ಅಧ್ಯಯನವನ್ನೂ ಸೇರಿಸಿ 2012ರಲ್ಲಿ ಒಂದು ವರದಿ ಬಂತು. ಕೆಂಪು ಮಾಂಸ ಜಾಸ್ತಿ ತಿನ್ನುವವರು ಬೇಗ ಸಾಯುತ್ತಾರೆ ಅಂತ ಎಲ್ಲ ಪತ್ರಿಕೆಗಳಲ್ಲೂ ಬಂತು. ಆದರೆ ಅದೇ ವರದಿಯ ಕೋಷ್ಟಕ ನೋಡಿದರೆ, ಜಾಸ್ತಿ ಮಾಂಸ ತಿನ್ನುವವರು ಸಿಗರೇಟೂ ಜಾಸ್ತಿ ಸೇದುತ್ತಿದ್ದರು, ವ್ಯಾಯಾಮ ಕಡಿಮೆ ಮಾಡುತ್ತಿದ್ದರು, ತೂಕವೂ ಜಾಸ್ತಿ ಇತ್ತು. ಮಾಂಸ ಕೆಟ್ಟದ್ದು ಅಂತ ದಶಕಗಟ್ಟಲೆ ಕೇಳಿದ ದೇಶದಲ್ಲಿ ಯಾರ ಮಾತೂ ಕೇಳದವರು ಅದನ್ನು ತಿನ್ನುತ್ತಾ ಹೋದರು. ಆರೋಗ್ಯದ ಕಾಳಜಿ ಇರುವವರು ಮಾಂಸವನ್ನೂ ಬಿಟ್ಟರು, ಸಿಗರೇಟನ್ನೂ ಬಿಟ್ಟರು. ಲೆಕ್ಕದಲ್ಲಿ ಇದನ್ನೆಲ್ಲ ಸರಿದೂಗಿಸಿದ್ದೀವಿ ಅನ್ನುತ್ತಾರೆ. ಕೇಳಿ ಬರೆದುಕೊಂಡಿದ್ದನ್ನು ಸರಿದೂಗಿಸಬಹುದು. ಕೇಳದೇ ಇದ್ದದ್ದನ್ನು ಹೇಗೆ ಸರಿದೂಗಿಸುವುದು?

ಮೇಷ್ಟ್ರು ದಾವಣಗೆರೆ:

ಇದು ಒಪ್ಪುವ ಮಾತು. ಆದರೆ 2024ರಲ್ಲಿ 20 ದೇಶಗಳ ಸುಮಾರು 20 ಲಕ್ಷ ಜನರ ಲೆಕ್ಕ ಸೇರಿಸಿದ ವರದಿ ಬಂದಿದೆ. ದಿನಾ 100 ಗ್ರಾಂ ಸಂಸ್ಕರಿಸದ ಕೆಂಪು ಮಾಂಸಕ್ಕೆ ಮಧುಮೇಹದ ಸಾಧ್ಯತೆ ಶೇ. 10 ಜಾಸ್ತಿ, ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸಕ್ಕೆ ಶೇ. 15 ಜಾಸ್ತಿ. ಇಷ್ಟು ಜನರಲ್ಲೂ ಒಂದೇ ಕಡೆಗೆ ವಾಲಿದೆ ಅಂದರೆ ಯೋಚನೆ ಮಾಡಬೇಕಲ್ವಾ?

ಚಳ್ಳಕೆರೆ ಮಗಳು:

ಮಾಡಬೇಕು ಸರ್. ಆದರೆ ತಕ್ಕಡಿಯೇ ಒಂದು ಕಡೆ ವಾಲಿದ್ದರೆ, ಹತ್ತು ಮೂಟೆ ತೂಗಿದರೂ ಅದೇ ತಪ್ಪು, ಸಾವಿರ ಮೂಟೆ ತೂಗಿದರೂ ಅದೇ ತಪ್ಪು. ಜನ ಜಾಸ್ತಿ ಆದ ಮಾತ್ರಕ್ಕೆ ವಾಲಿದ್ದು ನೆಟ್ಟಗಾಗಲ್ಲ. ಶೇ. 10 ಅನ್ನುವುದು ಅಷ್ಟು ಸಣ್ಣ ವಾಲು. ನಿಜ ಇರಬಹುದು, ಇಲ್ಲದೆಯೂ ಇರಬಹುದು.

ಇದು ನನ್ನೊಬ್ಬಳ ಮಾತಲ್ಲ. 2021ರಲ್ಲಿ ಭಾರತವೂ ಸೇರಿ 21 ದೇಶಗಳ 1.34 ಲಕ್ಷ ಜನರ ಅಧ್ಯಯನ ಬಂತು. ಸಂಸ್ಕರಿಸದ ಕೆಂಪು ಮಾಂಸಕ್ಕೂ ಸಾವಿಗೂ ನಂಟು ಸಿಗಲಿಲ್ಲ. ಸಂಸ್ಕರಿಸಿದ ಮಾಂಸಕ್ಕೆ ಮಾತ್ರ ಸಿಕ್ಕಿತು. 2022ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಸಾಕ್ಷಿಗಳಿಗೆ ಐದರವರೆಗೆ ನಕ್ಷತ್ರ ಕೊಡುವ ಪದ್ಧತಿ ತಂದರು. ಸಿಗರೇಟು ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗೆ ಐದು. ಸಂಸ್ಕರಿಸದ ಕೆಂಪು ಮಾಂಸ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್, ಮಧುಮೇಹ, ಹೃದಯದ ಕಾಯಿಲೆಗೆ ಎರಡೇ.

ಕೋಟೆ ನಾಡು:

ಸರಿಯಾಗಿ ಹೇಳಿದಿರಿ ಅಕ್ಕಾ. ಈ ಅಧ್ಯಯನ ಎಲ್ಲಾ ಬರೀ ಸುಳ್ಳು. ಕೊಲೆಸ್ಟರಾಲ್ ಅನ್ನೋದೂ ಮಾತ್ರೆ ಮಾರೋರ ಆಟ. ನಮ್ಮ ತಾತ ಚರ್ಬಿ ಸಮೇತ ತಿಂದು 90 ವರ್ಷ ಬದುಕಿದ. ಎಲ್ಲರೂ ದಿನಾ ತಿನ್ನಿ, ಗಟ್ಟಿಯಾಗಿರಿ.

ವಾರ್ಡ್ ಸಿಸ್ಟರ್:

ಕೋಟೆ ನಾಡು ಅವರೇ, ದಯವಿಟ್ಟು ಹೀಗೆ ಬರೆಯಬೇಡಿ. ನಾನು ದಾವಣಗೆರೆಯಲ್ಲಿ ಹದಿನೆಂಟು ವರ್ಷದಿಂದ ನರ್ಸ್ ಆಗಿದ್ದೀನಿ. ನಿಮ್ಮ ಮಾತು ನಂಬಿ ಯಾರೋ ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸಿದರೆ ಅವರನ್ನು ಸ್ಟ್ರೆಚರ್ ಮೇಲೆ ನೋಡುವವರು ನಾವು. ಕೊಲೆಸ್ಟರಾಲ್ ವಿಷಯ ಬರೀ ನೆನಪಿನ ಪ್ರಶ್ನೆಪತ್ರಿಕೆ ಮೇಲೆ ನಿಂತಿಲ್ಲ. ಔಷಧಿ ಕೊಟ್ಟು, ಕೊಡದೆ, ಎರಡು ಗುಂಪು ಮಾಡಿ ವರ್ಷಗಟ್ಟಲೆ ನೋಡಿದ್ದಾರೆ. ಕೆಟ್ಟ ಕೊಲೆಸ್ಟರಾಲ್ ಇಳಿದರೆ ಹೃದಯಾಘಾತ ಕಡಿಮೆ ಆಗುತ್ತೆ. ಚರ್ಬಿ ಜಾಸ್ತಿ ತಿಂದರೆ ಅದು ಏರುತ್ತೆ. ಇದರಲ್ಲಿ ಅನುಮಾನ ಇಲ್ಲ.

ಕಿಡ್ನಿ ತೊಂದರೆ ಇರುವವರು, ಯೂರಿಕ್ ಆಸಿಡ್ ಜಾಸ್ತಿ ಆಗಿ ಹೆಬ್ಬೆರಳು ಊದಿಕೊಳ್ಳುವವರು ಡಾಕ್ಟರ್ ಹೇಳಿದ ಅಳತೆ ಮೀರಬಾರದು. ಕೆಂಡದ ಮೇಲೆ ಕಪ್ಪಾಗುವಷ್ಟು ಸುಟ್ಟರೆ ಬೇಡದ ರಾಸಾಯನಿಕ ಹುಟ್ಟುತ್ತವೆ. ಸಂಸ್ಕರಿಸಿದ ಮಾಂಸ ಅಂದರೆ ಬರೀ ಸಾಸೇಜ್ ಅಲ್ಲ, ಉಪ್ಪು ಹಾಕಿ ಕೆಡದಂತೆ ಇಡುವ ಮಾಂಸವೂ ಆ ಲೆಕ್ಕಕ್ಕೆ ಬರುತ್ತೆ. ಜಾತ್ರೆ ಆದ ಮೇಲೆ ದಾರಕ್ಕೆ ಪೋಣಿಸಿ ಒಣಗಿಸುತ್ತೀವಲ್ಲ, ಅದನ್ನೂ ಸ್ವಲ್ಪ ನೋಡಿಕೊಂಡು ತಿನ್ನಿ.

ಚಳ್ಳಕೆರೆ ಮಗಳು ಅವರಿಗೆ ಒಂದು ಮಾತು. ನೀವು ಅಧ್ಯಯನಗಳ ಲೆಕ್ಕ ಚೆನ್ನಾಗಿ ಹಾಕಿದ್ದೀರಿ. ಆದರೆ 66 ವಯಸ್ಸಿನಲ್ಲಿ 8.6 ಅಂದರೆ ಊಟವೇ ಕಾರಣ ಅಂತ ನೀವೂ ಗಟ್ಟಿ ಮಾಡಿಕೊಂಡುಬಿಟ್ಟಿದ್ದೀರಿ. ಮುಟ್ಟು ನಿಂತ ಮೇಲೆ ರಕ್ತ ಇಷ್ಟು ಕಡಿಮೆ ಆದರೆ ಎಲ್ಲಿಂದಾದರೂ ಹೋಗುತ್ತಿದೆಯಾ ಅಂತ ಮೊದಲು ನೋಡಬೇಕು. ಮಲದಲ್ಲಿ ರಕ್ತ, ಹೊಟ್ಟೆಯಲ್ಲಿ ಹುಣ್ಣು, ಕರುಳು, ಹುಳ, ಬಿ12, ಎಲ್ಲಾ ಪರೀಕ್ಷೆ ಮಾಡಿಸಿ. ಮಂಡಿ ನೋವಿಗೆ ಅಂಗಡಿ ಮಾತ್ರೆ ನುಂಗುತ್ತಾರಾ ಅಂತಲೂ ಕೇಳಿ. ಮಟನ್ ಆಮೇಲೆ.

ಚಳ್ಳಕೆರೆ ಮಗಳು:

ಸಿಸ್ಟರ್, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಯೋಚನೆಯೇ ಮಾಡಿರಲಿಲ್ಲ. ಈ ವಾರವೇ ಅವ್ವನನ್ನು ದಾವಣಗೆರೆಗೆ ಕರೆಸುತ್ತೀನಿ.

ಕೋಟೆ ನಾಡು ಅವರೇ, ನಾನು ಹೇಳಿದ್ದು ಹಾಗಲ್ಲ. ಸಾಕ್ಷಿ ಸಣ್ಣದು ಅಂದರೆ ಅಪಾಯ ಇಲ್ಲ ಅಂತ ಸಾಬೀತಾಯಿತು ಅಂತಲ್ಲ. 2019ರಲ್ಲಿ ಒಂದು ತಜ್ಞರ ಸಮಿತಿ, 14 ಜನರಲ್ಲಿ 11 ಜನ, ಈಗ ತಿನ್ನುವಷ್ಟೇ ತಿನ್ನಿ ಅಂದರು. ದೊಡ್ಡ ಗಲಾಟೆ ಆಯಿತು. ಅವರೂ ತಮ್ಮ ಸಲಹೆಯನ್ನು ದುರ್ಬಲ ಸಲಹೆ ಅಂತಲೇ ಕರೆದರು. ಆಮೇಲೆ ತಂಡದ ಮುಖ್ಯರೊಬ್ಬರಿಗೆ ಟೆಕ್ಸಾಸ್‌ನ ಕೃಷಿ ಸಂಶೋಧನಾ ಸಂಸ್ಥೆಯಿಂದ ಬಂದ ಅನುದಾನ ಮೊದಲು ನಮೂದಾಗಿರಲಿಲ್ಲ ಅಂತ ಗೊತ್ತಾಗಿ ಪತ್ರಿಕೆ ತಿದ್ದುಪಡಿ ಹಾಕಿತು. ಹಣ ಎರಡೂ ಕಡೆ ಓಡಾಡುತ್ತೆ. ನಮಗೆ ಬೇಕಾದ ಉತ್ತರ ಕೊಟ್ಟರು ಅಂತ ಅವರನ್ನು ಪ್ರಶ್ನೆ ಮಾಡದೆ ಬಿಡೋಕೆ ಆಗಲ್ಲ.

ಮೇಷ್ಟ್ರು ದಾವಣಗೆರೆ:

ಇದಕ್ಕೆ ಹೊಂದುವ ಒಂದು ಹಳೆಯ ಪ್ರಸಂಗ ನೆನಪಾಯಿತು. ಮುಟ್ಟು ನಿಂತ ಹೆಂಗಸರು ಹಾರ್ಮೋನ್ ಮಾತ್ರೆ ತಗೊಂಡರೆ ಹೃದಯಕ್ಕೆ ಒಳ್ಳೆಯದು ಅಂತ ಇಂಥ ಅಧ್ಯಯನಗಳೇ ವರ್ಷಗಟ್ಟಲೆ ಹೇಳಿದವು. ಆಮೇಲೆ ಅಮೆರಿಕದಲ್ಲಿ 16,000ಕ್ಕೂ ಹೆಚ್ಚು ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಿಜವಾದ ಪರೀಕ್ಷೆ ನಡೆಸಿದರು. ಲಾಭ ಕಾಣಲಿಲ್ಲ. ತೊಂದರೆಯೇ ಜಾಸ್ತಿ ಅಂತ 2002ರಲ್ಲಿ ನಿಲ್ಲಿಸಿದರು. ಮಾತ್ರೆ ತಗೊಳ್ಳುತ್ತಿದ್ದವರು ಮೊದಲಿಂದಲೂ ಅನುಕೂಲಸ್ಥರು, ಆರೋಗ್ಯದ ಕಡೆ ಗಮನ ಇದ್ದವರು. ಲೆಕ್ಕ ಮೋಸ ಹೋಗಿದ್ದಕ್ಕೆ ಅದೂ ಒಂದು ಕಾರಣ.

ಮಾಂಸಕ್ಕೆ ಅಂಥ ಪರೀಕ್ಷೆ ಮಾಡುವುದು ಕಷ್ಟ. ಯಾರು ಇಪ್ಪತ್ತು ವರ್ಷ ಬೇರೆಯವರು ಹೇಳಿದ ಹಾಗೆ ಊಟ ಮಾಡುತ್ತಾರೆ? ಹಾಗಾಗಿ ನಿಮ್ಮ ಅನುಮಾನಕ್ಕೆ ಆಧಾರ ಇದೆ ಅಂತ ಒಪ್ಪುತ್ತೀನಿ.

ಹೊಳಲ್ಕೆರೆಯಿಂದ:

ನಾನು ಸುಮ್ನೆ ಓದುತ್ತಿದ್ದೆ. ನಮ್ಮಪ್ಪ ಹೋದ ವರ್ಷ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ತೀರಿಕೊಂಡರು. ಅವರಿಗೆ ಮಟನ್ ಅಂದರೆ ಪ್ರಾಣ. ಪ್ರತಿ ಭಾನುವಾರ ನಾನೇ ತಂದುಕೊಡುತ್ತಿದ್ದೆ. ಆಸ್ಪತ್ರೆಯಲ್ಲಿ ನೆಂಟರೊಬ್ಬರು "ಅಷ್ಟು ಬಾಡು ತಿನ್ನಿಸಿದ್ದಕ್ಕೇ ಹಿಂಗಾಗಿದ್ದು" ಅಂದುಬಿಟ್ಟರು. ಆ ಮಾತು ಇನ್ನೂ ಎದೆಯಲ್ಲಿ ಕೂತಿದೆ. ನಾನು ತಂದುಕೊಟ್ಟಿದ್ದಕ್ಕೇ ಬಂತಾ?

ವಾರ್ಡ್ ಸಿಸ್ಟರ್:

ಇಲ್ಲಪ್ಪಾ. ಒಬ್ಬ ಮನುಷ್ಯನಿಗೆ ಕ್ಯಾನ್ಸರ್ ಯಾಕೆ ಬಂತು ಅಂತ ದೊಡ್ಡ ಡಾಕ್ಟರೂ ಬೆರಳಿಟ್ಟು ಹೇಳೋಕೆ ಆಗಲ್ಲ. ವಯಸ್ಸು, ವಂಶ, ಬೀಡಿ, ಮದ್ಯ, ತೂಕ, ಎಷ್ಟೋ ಇರುತ್ತೆ. ಒಂದು ತುಂಡೂ ಮಾಂಸ ಮುಟ್ಟದವರೂ ಇದೇ ಕಾಯಿಲೆಯಲ್ಲಿ ನಮ್ಮ ವಾರ್ಡಿಗೆ ಬಂದಿದ್ದಾರೆ. ನೀವು ಅಪ್ಪನಿಗೆ ಇಷ್ಟವಾದದ್ದನ್ನು ತಂದುಕೊಟ್ಟಿರಿ. ಆ ನೆಂಟರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೆ ನಿಮಗೊಂದು ಕೆಲಸ ಇದೆ. ತಂದೆಗೆ ಬಂದಿದ್ದರಿಂದ ನೀವೂ, ಅಣ್ಣತಮ್ಮ ಅಕ್ಕತಂಗಿ ಇದ್ದರೆ ಅವರೂ, ಡಾಕ್ಟರ್ ಹತ್ತಿರ ಇದನ್ನು ಹೇಳಿ ಯಾವ ವಯಸ್ಸಿನಿಂದ ಪರೀಕ್ಷೆ ಮಾಡಿಸಬೇಕು ಅಂತ ಕೇಳಿ. ಇದನ್ನು ಮುಂದಕ್ಕೆ ಹಾಕಬೇಡಿ.

ಹೊಳಲ್ಕೆರೆಯಿಂದ:

ಖಂಡಿತ ಕೇಳುತ್ತೀನಿ ಸಿಸ್ಟರ್. ಈ ಮಾತನ್ನು ಯಾರಾದರೂ ಹೇಳಲಿ ಅಂತ ಒಂದು ವರ್ಷದಿಂದ ಕಾಯುತ್ತಿದ್ದೆ.

ಚಳ್ಳಕೆರೆ ಮಗಳು:

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೀನಿ. ಅವ್ವ ಬಂದಳು. ಮಲ ಪರೀಕ್ಷೆಯಲ್ಲಿ ರಕ್ತ ಇಲ್ಲ. ಹೊಟ್ಟೆ, ಕರುಳು ಎರಡಕ್ಕೂ ಕ್ಯಾಮೆರಾ ಹಾಕಿ ನೋಡಿದರು, ದೇವರ ದಯೆ ಏನೂ ಇಲ್ಲ. ಕಬ್ಬಿಣದ ಅಂಶ ತುಂಬಾ ಕಡಿಮೆ, ಬಿ12 ಕೂಡ ಕಡಿಮೆ. ಮಂಡಿ ನೋವಿಗೆ ಅಂಗಡಿ ಮಾತ್ರೆ ತಗೊಳ್ಳುತ್ತಿದ್ದದ್ದೂ ನಿಜ, ಅದನ್ನು ನಿಲ್ಲಿಸಿದರು. ಕಬ್ಬಿಣದ ಮಾತ್ರೆ, ಬಿ12 ಇಂಜೆಕ್ಷನ್ ಶುರುವಾಗಿದೆ. ಊಟ ಆದ ತಕ್ಷಣ ಟೀ ಕುಡಿಯಬೇಡಿ ಅಂದಿದ್ದಾರೆ, ಅದೊಂದು ಅವ್ವನಿಗೆ ಕಷ್ಟ.

ಮಟನ್ ವಿಷಯ ನಾನೇ ಕೇಳಿದೆ. ಡಾಕ್ಟರ್ ಕೊಲೆಸ್ಟರಾಲ್, ಕಿಡ್ನಿ ಎರಡೂ ರಿಪೋರ್ಟ್ ನೋಡಿ, ವಾರಕ್ಕೆ ಎರಡು ಸಲ ಚರ್ಬಿ ತೆಗೆಸಿ ತಿನ್ನಲಿ, ಲಿವರ್ ಆದರೆ ಸ್ವಲ್ಪ ಅಂದರು. ಮಾಂಸದ ಕಬ್ಬಿಣ ಸೊಪ್ಪು ಕಾಳಿನ ಕಬ್ಬಿಣಕ್ಕಿಂತ ಬೇಗ ಮೈಗೆ ಹತ್ತುತ್ತಂತೆ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತ ಕಡಿಮೆ ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಆ ಶೇ. 57 ಬೆರಳಿಗೆ ಸೂಜಿ ಚುಚ್ಚಿ, ರಕ್ತ ತೆಗೆದು ಅಳೆದದ್ದು. ಯಾರ ನೆನಪನ್ನೂ ಕೇಳಿ ಬರೆದದ್ದಲ್ಲ. ತಿನ್ನುವ ಮನೆಯ ಹೆಂಗಸರಿಗೆ ಎರಡು ತುಂಡು ಹಾಕುವ ಕಡೆ, ಅದನ್ನೂ ಬಿಡಿ ಅಂತ ಹೆದರಿಸುವವರಿಗೆ ಈ ಅಂಕಿಯನ್ನು ತೋರಿಸಬೇಕು ಅನ್ನಿಸುತ್ತೆ.

ಅವ್ವನಿಗೆ ಇನ್ನೂ ಪೂರ್ತಿ ಧೈರ್ಯ ಬಂದಿಲ್ಲ. ನಿನ್ನೆ ಸಂಜೆ, "ಡಾಕ್ಟ್ರು ನಿಜವಾಗ್ಲೂ ತಿನ್ನು ಅಂದ್ರಾ?" ಅಂತ ಮೂರನೇ ಸಲ ಕೇಳಿದಳು. ಹೂಂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಕರಿಬೇವು ಜಾಸ್ತಿ ತಾ" ಅಂದಳು.

ಹರಿಹರದ ಅಣ್ಣಾ, ಈ ಭಾನುವಾರ ನಾನು ಆ ಕಡೆ ಬರುತ್ತೀನಿ. ಕಾಲು ಕೆಜಿ ಲಿವರ್, ಅರ್ಧ ಕೆಜಿ ಚರ್ಬಿ ಇಲ್ಲದ್ದು ಸಿಗುತ್ತಾ?

ಹರಿಹರ ಮಟನ್ ಅಂಗಡಿ:

ಸಿಗುತ್ತೆ ಅಕ್ಕಾ. ಲಿವರ್ ಬೇಗ ಖಾಲಿ ಆಗುತ್ತೆ, ಏಳು ಗಂಟೆ ಒಳಗೆ ಬನ್ನಿ. ಅವ್ವನಿಗೆ ಅಂತ ಹೇಳಿ, ತೊಡೆ ಕಡೆಯದ್ದು ಕೊಡುತ್ತೀನಿ.